ಮಿತವಾದ ಹಣದಲ್ಲಿ ಬಾಳಿಕೆಯ ಸ್ಮಾರ್ಟ್‌ಫೋನ್: ಕೊಳ್ಳುವ ಮುನ್ನ ಗ್ರಾಹಕರು ಅರಿಯಬೇಕಾದ ಸಂಗತಿಗಳು

ಸ್ಮಾರ್ಟ್‌ಫೋನ್ ಇಂದು ಕೇವಲ ಮಾತನಾಡುವ ಸಾಧನವಾಗಿ ಉಳಿದಿಲ್ಲ. ಬ್ಯಾಂಕಿನ ಖಾತೆ, ಯು.ಪಿ.ಐ. ಪಾವತಿ, ಆಧಾರ್‌ಗೆ ಸಂಬಂಧಿಸಿದ ಒ.ಟಿ.ಪಿ., ರೈಲಿನ ಟಿಕೆಟು, ಮಕ್ಕಳ ಶಾಲೆಯ ಸೂಚನೆ, ದೂರದ ಊರಿನಲ್ಲಿರುವ ತಂದೆತಾಯಿಗಳ ಮುಖದರ್ಶನ, ಇವೆಲ್ಲವೂ ಈ ಒಂದೇ ಉಪಕರಣವನ್ನು ಆಶ್ರಯಿಸಿವೆ. ಅದು ನಡುವೆ ಕೈಕೊಟ್ಟರೆ ಆಗುವ ನಷ್ಟ ಅದರ ಬೆಲೆಗಿಂತ ದೊಡ್ಡದು. ಹೀಗಿದ್ದರೂ, ಸೀರೆ ಕೊಳ್ಳುವಾಗ ಸೆರಗು ಬಿಚ್ಚಿಸಿ ನೋಡುವ, ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ಪರೀಕ್ಷಿಸುವ ನಮ್ಮ ಜನ, ಇಪ್ಪತ್ತು ಸಾವಿರ ರೂಪಾಯಿಯ ಫೋನನ್ನು ಮಾತ್ರ ಜಾಹೀರಾತಿನ ಯಾವುದೋ ಒಂದು ಅಂಕಿಯನ್ನು ನಂಬಿ ಕೊಂಡುಬಿಡುತ್ತಾರೆ.

ಸುಮಾರು 15,000 ರೂಪಾಯಿಯಿಂದ 25,000 ರೂಪಾಯಿಯವರೆಗಿನ ಫೋನುಗಳನ್ನು ಈ ಲೇಖನದಲ್ಲಿ ಮಧ್ಯಮ ದರ್ಜೆಯವು ಎಂದು ಪರಿಗಣಿಸಲಾಗಿದೆ. ಯಾವ ಮಾದರಿ ಉತ್ತಮ ಎಂಬ ಪ್ರಶ್ನೆಗೆ ಇಂದು ಕೊಟ್ಟ ಉತ್ತರ ಆರು ತಿಂಗಳಲ್ಲಿ ಹಳತಾಗುತ್ತದೆ. ಆದಕಾರಣ ಇಲ್ಲಿ ಮಾದರಿಗಳ ಪಟ್ಟಿಯನ್ನು ಕೊಡುತ್ತಿಲ್ಲ. ಅಳೆಯುವ ಕ್ರಮ ಯಾವುದು ಎಂಬುದನ್ನಷ್ಟೇ ವಿವರಿಸಲಾಗುವುದು.

ಬೆಲೆಯನ್ನು ವರ್ಷಗಳಿಂದ ಭಾಗಿಸಿರಿ

ಒಂದು ಫೋನಿನ ಬೆಲೆ 12,000 ರೂಪಾಯಿ, ಅದು ಸುರಕ್ಷಿತವಾಗಿ ಬಳಕೆಗೆ ಬರುವುದು 2 ವರ್ಷ ಎಂದಿಟ್ಟುಕೊಳ್ಳೋಣ. ಇನ್ನೊಂದರ ಬೆಲೆ 18,000 ರೂಪಾಯಿ, ಬಾಳುವುದು 5 ವರ್ಷ. ಎರಡನೆಯದಕ್ಕೆ ನಡುವೆ ಒಮ್ಮೆ ಬ್ಯಾಟರಿ ಬದಲಾಯಿಸಲು 2,000 ರೂಪಾಯಿ ತಗಲಿತೆಂದು ಸೇರಿಸಿದರೂ ವರ್ಷಕ್ಕೆ ಬೀಳುವ ವೆಚ್ಚ 4,000 ರೂಪಾಯಿ. ಮೊದಲನೆಯದಕ್ಕೆ ವರ್ಷಕ್ಕೆ 6,000 ರೂಪಾಯಿ. ಅಗ್ಗವೆಂದು ತೋರಿದ್ದೇ ಇಲ್ಲಿ ದುಬಾರಿಯಾಯಿತು. ಕೈಯಲ್ಲಿ ಹಣ ಕಡಮೆಯಿರುವವರು ಈ ಲೆಕ್ಕವನ್ನು ಉಳಿದವರಿಗಿಂತ ಹೆಚ್ಚು ಎಚ್ಚರದಿಂದ ಮಾಡಬೇಕಾಗುತ್ತದೆ.

ಫೋನಿನ ಆಯುಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ಗಾಜೂ ಅಲ್ಲ, ಲೋಹವೂ ಅಲ್ಲ, ತಂತ್ರಾಂಶ. ಫೋನಿನ ತಂತ್ರಾಂಶದಲ್ಲಿ ಕಾಲಕಾಲಕ್ಕೆ ದೋಷಗಳು ಪತ್ತೆಯಾಗುತ್ತಿರುತ್ತವೆ. ವಂಚಕರು ಅವುಗಳ ಮೂಲಕ ಒಳನುಗ್ಗದಂತೆ ತಯಾರಕರು ಭದ್ರತಾ ಅಪ್‌ಡೇಟುಗಳನ್ನು ಕಳುಹಿಸುತ್ತಾರೆ. ಅವು ನಿಂತುಹೋದ ಫೋನು ನೋಡಲು ಹೊಸದರಂತಿದ್ದರೂ ಚಿಲಕ ಸಡಿಲಾದ ಬಾಗಿಲಿನಂತೆ. ಕೆಲವು ವರ್ಷಗಳ ನಂತರ ಬ್ಯಾಂಕಿನ ಆ್ಯಪ್‌ಗಳೂ ಹಳೆಯ ಆಂಡ್ರಾಯ್ಡ್ ಆವೃತ್ತಿಯ ಮೇಲೆ ನಡೆಯಲು ನಿರಾಕರಿಸುತ್ತವೆ.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಈ ಮಾದರಿಗೆ ಭದ್ರತಾ ಅಪ್‌ಡೇಟು ಯಾವ ವರ್ಷದವರೆಗೆ ಬರುತ್ತದೆ ಎಂಬುದು. ಮಾರಾಟಗಾರನಿಗೆ ಉತ್ತರ ತಿಳಿಯದಿರುವ ಸಾಧ್ಯತೆಯೇ ಹೆಚ್ಚು. ತಯಾರಕರ ಅಧಿಕೃತ ಪ್ರಕಟಣೆಯಲ್ಲಿ ಅದನ್ನು ನೋಡಿಕೊಳ್ಳಬೇಕು. ದೀರ್ಘಾವಧಿಯ ಬೆಂಬಲ ದುಬಾರಿ ಫೋನುಗಳಿಗೆ ಮಾತ್ರ ಮೀಸಲು ಎಂಬ ಮಾತು ಈಗ ನಿಜವಲ್ಲ. 2024ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ ಬಿಡುಗಡೆಯಾದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿ ಮಾದರಿಗೆ ಅದರ ತಯಾರಕರು 6 ವರ್ಷಗಳ ಭದ್ರತಾ ಅಪ್‌ಡೇಟು ಘೋಷಿಸಿದರು. ಇದನ್ನು ಆ ಫೋನಿನ ಶಿಫಾರಸು ಎಂದು ಭಾವಿಸಬಾರದು. ಮಧ್ಯಮ ಬೆಲೆಯಲ್ಲಿಯೂ ಅಂಥ ಭರವಸೆ ಸಾಧ್ಯ ಎಂಬುದಕ್ಕೆ ನಿದರ್ಶನವಷ್ಟೆ. ಐರೋಪ್ಯ ಒಕ್ಕೂಟದ ರಾಷ್ಟ್ರಗಳಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮಗಳು ತಂತ್ರಾಂಶದ ಅವಧಿಯನ್ನೂ ಬ್ಯಾಟರಿಯ ಬಾಳಿಕೆಯನ್ನೂ ಒಳಗೊಂಡಿವೆ. ಅಲ್ಲಿನ ಫೋನುಗಳ ಬ್ಯಾಟರಿ 800 ಸಲ ಚಾರ್ಜ್ ಆದ ಬಳಿಕವೂ ಮೂಲ ಸಾಮರ್ಥ್ಯದ ಶೇಕಡಾ 80ರಷ್ಟನ್ನಾದರೂ ಉಳಿಸಿಕೊಂಡಿರಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಅಪ್‌ಡೇಟಿನ ಅವಧಿಯನ್ನು ಸಾಮಾನ್ಯವಾಗಿ ಎಣಿಸುವುದು ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ. ನೀವು ಕೊಂಡ ದಿನದಿಂದಲ್ಲ. ಹಬ್ಬದ ರಿಯಾಯಿತಿ ಮಾರಾಟದಲ್ಲಿ ಆರು ಸಾವಿರ ಕಡಮೆ ಬೆಲೆಗೆ ದೊರೆಯುವ ಫೋನು ಎರಡು ವರ್ಷದ ಹಿಂದೆ ಬಿಡುಗಡೆಯಾದದ್ದಾಗಿದ್ದು, ಅದರ ಅಪ್‌ಡೇಟಿನ ಅವಧಿ ನಾಲ್ಕು ವರ್ಷವಾಗಿದ್ದರೆ, ಗ್ರಾಹಕನ ಪಾಲಿಗೆ ಉಳಿದಿರುವುದು ಎರಡೇ ವರ್ಷ. ರಿಯಾಯಿತಿಯ ಫೋನು ಬೇಡವೆಂದಲ್ಲ, ಉಳಿದ ವರ್ಷಗಳಿಂದ ಭಾಗಿಸಿ ನೋಡಿದ ಮೇಲೆ ಕೊಳ್ಳಬೇಕು.

ಅಂಕಿಗಳ ಹಿಂದಿನ ವಾಸ್ತವ

ಜಾಹೀರಾತುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರಗಳಲ್ಲಿ ಕಾಣುವುದು ಕ್ಯಾಮೆರಾದ ಮೆಗಾಪಿಕ್ಸೆಲ್. ಆದರೆ ಚಿತ್ರದ ಗುಣಮಟ್ಟಕ್ಕೂ ಈ ಅಂಕಿಗೂ ಇರುವ ಸಂಬಂಧ ಬಹಳ ತೆಳುವಾದದ್ದು. 50 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ಬಿಂದುಗಳನ್ನು ಒಂದಾಗಿ ಸೇರಿಸಿ ಸುಮಾರು 12.5 ಮೆಗಾಪಿಕ್ಸೆಲ್‌ನ ಚಿತ್ರವನ್ನು ಕೊಡುತ್ತದೆ. 108 ಮೆಗಾಪಿಕ್ಸೆಲ್‌ನದು ಒಂಬತ್ತು ಬಿಂದುಗಳನ್ನು ಸೇರಿಸಿ 12 ಮೆಗಾಪಿಕ್ಸೆಲ್‌ನ ಚಿತ್ರವನ್ನೇ ಕೊಡುತ್ತದೆ. ಬೆಳಕನ್ನು ಹಿಡಿಯುವ ಸೆನ್ಸರಿನ ಗಾತ್ರ ದೊಡ್ಡದಾಗಿರುವುದೂ, ಕೈ ನಡುಗಿದರೂ ಚಿತ್ರ ಕದಡದಂತೆ ಮಸೂರವನ್ನು ಸ್ಥಿರಗೊಳಿಸುವ ಓ.ಐ.ಎಸ್. ಎಂಬ ಏರ್ಪಾಡಿರುವುದೂ ಇದಕ್ಕಿಂತ ಮುಖ್ಯ. ಹಿಂಬದಿಯಲ್ಲಿ ಮೂರು ನಾಲ್ಕು ಕ್ಯಾಮೆರಾಗಳಿದ್ದು ಅವುಗಳಲ್ಲಿ ಎರಡು ಬರಿಯ 2 ಮೆಗಾಪಿಕ್ಸೆಲ್‌ನವಾಗಿದ್ದರೆ, ಅವು ಇರುವುದು ಎಣಿಕೆಗಾಗಿ ಎಂದು ತಿಳಿದರೆ ತಪ್ಪಾಗದು. ಅಂಗಡಿಯ ಪ್ರಖರ ದೀಪದ ಕೆಳಗೆ ಎಲ್ಲ ಕ್ಯಾಮೆರಾಗಳೂ ಚೆನ್ನಾಗಿಯೇ ಕಾಣುತ್ತವೆ. ಮಬ್ಬು ಬೆಳಕಿನ ಮೂಲೆಯಲ್ಲಿ ನಡೆದಾಡುತ್ತಿರುವವರ ಚಿತ್ರ ತೆಗೆದು, ಹಿಗ್ಗಿಸಿ ನೋಡುವುದು ಒಳ್ಳೆಯ ಪರೀಕ್ಷೆ.

ರ‍್ಯಾಮ್ 8 ಜಿ.ಬಿ. ಇರುವುದು ಮೇಲು, 6 ಜಿ.ಬಿ.ಯಿಂದಲೂ ನಡೆಯುತ್ತದೆ. ಆದರೆ 8 ಜಿ.ಬಿ.ಗೆ 8 ಜಿ.ಬಿ. ಸೇರಿಸಿ 16 ಎಂದು ಬರೆದಿದ್ದರೆ ಎರಡನೆಯ ಎಂಟು ನಿಜವಾದ ರ‍್ಯಾಮ್ ಅಲ್ಲ, ಸ್ಟೋರೇಜಿನ ಒಂದು ಭಾಗವನ್ನೇ ಎರವಲು ಪಡೆದು ತೋರಿಸುವ ಲೆಕ್ಕ. ಸ್ಟೋರೇಜು ಅದಕ್ಕಿಂತ ಬಹಳ ನಿಧಾನವಾದದ್ದು. ಹಾಗೆಯೇ ಸ್ಟೋರೇಜ್ 128 ಜಿ.ಬಿ. ಎಂದಿದ್ದರೆ ಅದರಲ್ಲಿ ಗಣನೀಯ ಭಾಗವನ್ನು ಫೋನಿನ ಸ್ವಂತ ತಂತ್ರಾಂಶವೇ ಆಕ್ರಮಿಸಿರುತ್ತದೆ. ಸ್ಟೋರೇಜು ಯು.ಎಫ್.ಎಸ್. ಎಂಬ ಬಗೆಯದೋ, ಹಳೆಯದಾದ ಇ.ಎಂ.ಎಂ.ಸಿ. ಬಗೆಯದೋ ಎಂದು ವಿವರಪಟ್ಟಿಯಲ್ಲಿ ನೋಡಬೇಕು. ಎರಡನೆಯದಾದರೆ ವರ್ಷ ಕಳೆಯುವಷ್ಟರಲ್ಲಿ ಫೋನು ತಡವರಿಸತೊಡಗುವ ಸಂಭವ ಹೆಚ್ಚು.

ಊರು ಬಿಟ್ಟು ಬಂದು ನೆಲೆಸಿದ ಕನ್ನಡಿಗರಿಗೆ ಇದರೊಂದಿಗೆ ಬೆಸೆದುಕೊಂಡ ಇನ್ನೊಂದು ವಿಷಯವಿದೆ. ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಪಡೆದ ಸಂಖ್ಯೆಯ ಜೊತೆಗೆ, ಧಾರವಾಡದ ಅಥವಾ ಉಡುಪಿಯ ಬ್ಯಾಂಕ್ ಖಾತೆಗೆ ಜೋಡಿಸಿದ ಹಳೆಯ ಸಂಖ್ಯೆಯನ್ನೂ ಅನೇಕರು ಉಳಿಸಿಕೊಂಡಿರುತ್ತಾರೆ. ಎರಡು ಸಿಮ್ ಹಾಗೂ ಮೆಮೊರಿ ಕಾರ್ಡು ಏಕಕಾಲಕ್ಕೆ ಹಿಡಿಸುತ್ತವೆಯೆ ಎಂದು ಕೇಳಬೇಕು. ಹಲವು ಮಾದರಿಗಳಲ್ಲಿ ಕಾರ್ಡು ಹಾಕಿದರೆ ಒಂದು ಸಿಮ್ಮನ್ನು ತೆಗೆಯಬೇಕಾಗುತ್ತದೆ. ಇನ್ನು ಕೆಲವದರಲ್ಲಿ ಕಾರ್ಡಿಗೆ ಸ್ಥಳವೇ ಇರುವುದಿಲ್ಲ. ಅಂಥವರು ಮೊದಲೇ 256 ಜಿ.ಬಿ.ಯದನ್ನು ಕೊಳ್ಳುವುದು ಲೇಸು.

5ಜಿ ಸೇವೆ ನಮ್ಮ ದೇಶದಲ್ಲಿ 2022ರ ಅಕ್ಟೋಬರ್ 1ರಂದು ಆರಂಭವಾಯಿತು. ಐದು ವರ್ಷ ಬಳಸಬೇಕಾದ ಫೋನಿನಲ್ಲಿ ಅದು ಇರಲೇಬೇಕು. ನಮ್ಮ ಸೇವಾದಾರರು ಬಳಸುವ ತರಂಗಪಟ್ಟಿಗಳು, ಅಂದರೆ ಎನ್78, ಎನ್28 ಮೊದಲಾದವು, ಆ ಫೋನಿನಲ್ಲಿ ಇವೆಯೇ ಎಂದು ನೋಡಿದರೆ ಸಾಕು. ಪರದೆಯನ್ನು ಹೊರಗಿನ ಬಿಸಿಲಿನಲ್ಲಿ ಹಿಡಿದು ಓದಿ ನೋಡಬೇಕು. ಬ್ಯಾಟರಿ 5,000 ಎಂ.ಎ.ಎಚ್. ಇದ್ದರೆ ಸಾಧಾರಣ ಬಳಕೆಗೆ ಒಂದು ದಿನ ಬರುತ್ತದೆ. ಪೆಟ್ಟಿಗೆಯಲ್ಲಿ ಚಾರ್ಜರು ಇದೆಯೇ ಎಂದು ಮರೆಯದೆ ಕೇಳಿರಿ. ಇಲ್ಲದಿದ್ದರೆ ಅದರ ಬೆಲೆಯನ್ನೂ ಫೋನಿನ ಬೆಲೆಗೆ ಕೂಡಿಸಬೇಕು.

ಕನ್ನಡ ಓದಲು, ಬರೆಯಲು

ಭಾರತೀಯ ಮಾನಕ ಬ್ಯೂರೋದ ಐ.ಎಸ್. 16333, ಭಾಗ 3 ಎಂಬ ಮಾನಕವನ್ನು ಆಧರಿಸಿ ಕೇಂದ್ರ ಸರ್ಕಾರ 2016ರಲ್ಲಿ ಆದೇಶವನ್ನು ಹೊರಡಿಸಿತು. ಅದರಂತೆ ಭಾರತದಲ್ಲಿ ಮಾರಾಟವಾಗುವ ಮೊಬೈಲ್ ಫೋನುಗಳಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯ ಎಲ್ಲ 22 ಭಾಷೆಗಳೂ ಓದಲು ಬರುವಂತಿರಬೇಕು. ಬರೆಯುವ ಸೌಲಭ್ಯ ಮಾತ್ರ ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾರತೀಯ ಭಾಷೆಯಲ್ಲಿ ಇದ್ದರೆ ಸಾಕು. ಆ ಇನ್ನೊಂದು ಭಾಷೆ ಕನ್ನಡವೇ ಆಗಿರಬೇಕೆಂದಿಲ್ಲ. ಮೆನು ಮತ್ತು ಸೂಚನೆಗಳು ಕನ್ನಡದಲ್ಲಿ ಎಷ್ಟರಮಟ್ಟಿಗೆ ಇರುತ್ತವೆ ಎಂಬುದೂ ತಯಾರಕರನ್ನು ಅವಲಂಬಿಸಿದೆ.

ಚೆನ್ನೈ, ಪುಣೆ ಅಥವಾ ದೆಹಲಿಯ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಫೋನಿನಲ್ಲಿ ಕನ್ನಡವನ್ನು ಯಾರೂ ತಾವಾಗಿ ತೋರಿಸುವುದಿಲ್ಲ. ಸಂಕೋಚಪಡದೆ ಕೇಳಿ ತೆರೆಸಬೇಕು. ಸೆಟ್ಟಿಂಗ್ಸ್‌ನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ, ಅಕ್ಷರಗಳನ್ನು ದೊಡ್ಡದು ಮಾಡಿ, ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಕರ್ತೃ’ ಎಂಬ ಪದಗಳನ್ನು ಬರೆದು ನೋಡಿರಿ. ಒತ್ತಕ್ಷರಗಳು ಒಂದರ ಮೇಲೊಂದು ಬೀಳದೆ, ಸಾಲಿನ ಕೆಳಗೆ ಕತ್ತರಿಸಿಹೋಗದೆ ಮೂಡಬೇಕು. ಮನೆಯಲ್ಲಿ ಕನ್ನಡವನ್ನು ಮಾತ್ರ ಓದಬಲ್ಲ ಹಿರಿಯರಿದ್ದರೆ, ಬ್ಯಾಂಕಿನ ಎಚ್ಚರಿಕೆಯೊಂದು ಅವರಿಗೆ ಅರ್ಥವಾಗುವುದೂ ಆಗದಿರುವುದೂ ಇದನ್ನೇ ಅವಲಂಬಿಸಿದೆ. ಟೈಪು ಮಾಡಲಾಗದವರಿಗೆ ಕನ್ನಡದಲ್ಲಿ ಮಾತನಾಡಿ ಬರೆಸುವ ಸೌಲಭ್ಯವನ್ನೂ ಅಲ್ಲಿಯೇ ಪರೀಕ್ಷಿಸಬಹುದು.

ಹಣ ಕೊಡುವಾಗ

‘ಬಡ್ಡಿಯಿಲ್ಲದ ಕಂತು’ ಎಂಬ ಮಾತನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳಿಗೆ ಸ್ಪಷ್ಟಪಡಿಸಿತ್ತು. ಸಾಮಾನ್ಯವಾಗಿ ನಡೆಯುವುದೇನೆಂದರೆ, ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ರಿಯಾಯಿತಿಯಾಗಿ ತೋರಿಸಿ, ಆ ಬಡ್ಡಿಯನ್ನು ಕಂತಿನಲ್ಲಿ ವಸೂಲು ಮಾಡಲಾಗುತ್ತದೆ. ಬಡ್ಡಿಯ ಮೇಲಿನ ಜಿ.ಎಸ್.ಟಿ.ಯೂ ಪ್ರಕ್ರಿಯಾ ಶುಲ್ಕವೂ ಗ್ರಾಹಕನ ಮೇಲೆಯೇ ಬೀಳುತ್ತವೆ. ರೊಕ್ಕ ಕೊಟ್ಟರೆ ಇದೇ ಫೋನು ಎಷ್ಟಕ್ಕೆ ಬರುತ್ತದೆ ಎಂದು ಕೇಳಿ, ಕಂತುಗಳ ಒಟ್ಟು ಮೊತ್ತದೊಡನೆ ಹೋಲಿಸಿದರೆ ನಿಜಾಂಶ ಹೊರಬೀಳುತ್ತದೆ.

ಮೊಬೈಲ್ ಫೋನಿನ ಮೇಲೆ 2020ರ ಏಪ್ರಿಲ್ 1ರಿಂದ ಶೇಕಡಾ 18ರ ಜಿ.ಎಸ್.ಟಿ. ಇದೆ. ಬಿಲ್ಲು ಬೇಡವೆಂದರೆ ಬೆಲೆ ಇಳಿಸುವೆನೆನ್ನುವ ವರ್ತಕ ಗ್ರಾಹಕನಿಂದ ವಾರಂಟಿಯನ್ನೂ ದೂರು ಕೊಡುವ ಆಧಾರವನ್ನೂ ಕಸಿದುಕೊಳ್ಳುತ್ತಾನೆ. ಬಿಲ್ಲಿನಲ್ಲಿ ಐ.ಎಂ.ಇ.ಐ. ಸಂಖ್ಯೆ ನಮೂದಾಗಿರಬೇಕು. ಫೋನಿನಲ್ಲಿ *#06# ಒತ್ತಿದರೆ ಈ 15 ಅಂಕಿಗಳ ಸಂಖ್ಯೆ ಕಾಣುತ್ತದೆ. ಪೆಟ್ಟಿಗೆಯ ಮೇಲಿನದಕ್ಕೂ ಬಿಲ್ಲಿಗೂ ಅದು ತಾಳೆಯಾಗಬೇಕು. ಕೆ.ವೈ.ಎಂ. ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಎಸ್.ಎಂ.ಎಸ್. ಕಳುಹಿಸಿದರೆ ಅದು ಯಾವ ಕಂಪನಿಯ ಯಾವ ಮಾದರಿಯದೆಂಬ ವಿವರ ದೊರೆಯುತ್ತದೆ. ಬಳಸಿದ ಫೋನನ್ನು ಕೊಳ್ಳುವವರು ಇದನ್ನು ಹಣ ಕೊಡುವ ಮೊದಲೇ ಮಾಡತಕ್ಕದ್ದು. ಕದ್ದ ಫೋನಾಗಿದ್ದರೆ ಅದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವ್ಯವಸ್ಥೆಯ ಮೂಲಕ ಮೂಲ ಒಡೆಯರು ನಿರ್ಬಂಧಿಸಿರಬಹುದು. 2023ರ ಮೇ ತಿಂಗಳಿನಿಂದ ಈ ಸೌಲಭ್ಯ ದೇಶದಾದ್ಯಂತ ಲಭ್ಯವಿದೆ. ನಿಮ್ಮ ಫೋನೇ ಕಳುವಾದರೂ ಇದರ ಮೂಲಕವೇ ಅದನ್ನು ನಿರ್ಬಂಧಿಸಬಹುದು.

ತಯಾರಕರ ಅಧಿಕೃತ ಸರ್ವಿಸ್ ಸೆಂಟರ್ ನೀವಿರುವ ನಗರದಲ್ಲಿದೆಯೆ, ಪರದೆ ಒಡೆದರೆ ಬದಲಾಯಿಸಲು ಎಷ್ಟು ತಗಲುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ದೂರವಾಣಿಯಲ್ಲಿ ವಿಚಾರಿಸುವುದು ಉತ್ತಮ. ಫೋನು ತಂದೆತಾಯಿಗಳಿಗೆಂದು ಊರಿಗೆ ಹೋಗುವುದಾದರೆ ಅಲ್ಲಿನ ಸೆಂಟರನ್ನು ವಿಚಾರಿಸಬೇಕು. ನೀರು ತಡೆಯುವ ದರ್ಜೆಯಿದ್ದರೂ ನೀರಿನಿಂದಾದ ಹಾನಿ ಬಹುಪಾಲು ವಾರಂಟಿಗಳಲ್ಲಿ ಸೇರುವುದಿಲ್ಲ.

ದೋಷ ಕಂಡುಬಂದಾಗ

ಅಂತರ್ಜಾಲದ ಮೂಲಕ ತರಿಸಿದ ಪೆಟ್ಟಿಗೆಯನ್ನು ತೆರೆಯುವಾಗ ವಿಡಿಯೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟ ತಾಣದ ದೂರು ಅಧಿಕಾರಿಯು 48 ಗಂಟೆಗಳೊಳಗೆ ದೂರನ್ನು ಸ್ವೀಕರಿಸಿರುವುದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿ ಫಲ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 17 ಭಾಷೆಗಳಲ್ಲಿ ಸೇವೆ ನೀಡುವ ಈ ಸಹಾಯವಾಣಿಯಲ್ಲಿ ಕನ್ನಡವೂ ಇದೆ. ದೆಹಲಿಯಲ್ಲಿ ಕುಳಿತು ಕನ್ನಡದಲ್ಲಿಯೇ ದೂರು ಹೇಳಬಹುದು.

ಪ್ರಕರಣ ಗ್ರಾಹಕರ ಆಯೋಗದವರೆಗೆ ಹೋಗಬೇಕಾಗಿ ಬಂದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೊರನಾಡಿನವರಿಗೆ ವಿಶೇಷವಾಗಿ ಉಪಯುಕ್ತ. ಮಾರಾಟಗಾರನ ಕಚೇರಿ ಎಲ್ಲೇ ಇರಲಿ, ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲಿ ದೂರು ಸಲ್ಲಿಸಬಹುದು. ಪುಣೆಯಲ್ಲಿರುವವರು ಗುರುಗ್ರಾಮಕ್ಕೆ ಅಲೆಯಬೇಕಾಗಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು.

ಹಳೆಯ ಫೋನನ್ನು ವಿನಿಮಯಕ್ಕೆ ಕೊಡುವವರು ಅದನ್ನು ಒಂದು ವಾರವಾದರೂ ತಡೆದು ಕೊಡುವುದು ವಾಸಿ. ಹೊಸ ಫೋನಿನಲ್ಲಿ ಯು.ಪಿ.ಐ. ಮತ್ತು ಬ್ಯಾಂಕಿನ ಆ್ಯಪ್‌ಗಳು ನೆಲೆಗೊಂಡು, ಚಿತ್ರಗಳೂ ಸಂದೇಶಗಳೂ ಬಂದು ಸೇರಿವೆಯೆಂದು ಖಚಿತವಾದ ಮೇಲೆ, ಹಳೆಯದರಿಂದ ಗೂಗಲ್ ಖಾತೆಯನ್ನು ತೆಗೆದುಹಾಕಿ, ಸಿಮ್ ಮತ್ತು ಕಾರ್ಡನ್ನು ಹೊರತೆಗೆದು, ‘ಫ್ಯಾಕ್ಟರಿ ರೀಸೆಟ್’ ಮಾಡಿ ಒಪ್ಪಿಸಬೇಕು.