ವಸಡು ಊದಿದೆಯೇ? ಹಲ್ಲು ಕೀಳಿಸುವ ಮುನ್ನ ರಕ್ತ ಪರೀಕ್ಷಿಸಿ

ರಕ್ತದ ಕ್ಯಾನ್ಸರ್ ಎಂದೊಡನೆ ಬಿಡದ ಜ್ವರ, ಸುಸ್ತು, ಬಿಳಿಚಿದ ಮುಖ ನೆನಪಾಗುತ್ತವೆ. ಆದರೆ ಕೆಲವರಲ್ಲಿ ಈ ರೋಗ ಮೊದಲು ಕಾಣುವುದು ಬಾಯಲ್ಲಿ. ಬಸವಕಲ್ಯಾಣ, ಹುಮನಾಬಾದ ಕಡೆಯ ನಮ್ಮ ಜನ ವಸಡು ಊದಿದರೆ ಹುಳುಕು ಹಲ್ಲು ಎಂದೋ, ಗುಟ್ಕಾದ ಪರಿಣಾಮವೆಂದೋ ತಿಳಿದು ಹಲ್ಲು ಕೀಳಿಸಲು ಹೊರಡುತ್ತಾರೆ. ಬಹಳ ಸಲ ಕಾರಣ ಹಲ್ಲಿನದೇ ಇರುತ್ತದೆ, ಗಾಬರಿಯಾಗಬೇಡಿ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿ.ಪಿ.ಗೆ ಕೊಡುವ ಅಮ್ಲೊಡಿಪಿನ್ ಮಾತ್ರೆಗಳಿಂದಲೂ ವಸಡು ಬೆಳೆಯುವುದುಂಟು.

ಹಾಗಾದರೆ ಗುರುತಿಸುವುದು ಹೇಗೆ? ರಕ್ತಕಣಗಳು ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಅಲ್ಲಿ ಬಿಳಿಕಣಗಳು ಬಲಿಯದೆ ಮಿತಿಮೀರಿ ಬೆಳೆಯುವ ರೋಗವೇ ಲ್ಯುಕೇಮಿಯಾ. ಮೊನೊಸೈಟ್ ಜಾತಿಯ ಕಣಗಳಿಂದ ಬರುವ ತೀವ್ರ ಲ್ಯುಕೇಮಿಯಾದಲ್ಲಿ ಈ ಕಣಗಳು ರಕ್ತನಾಳದಿಂದ ಹೊರಬಂದು ವಸಡಿನಲ್ಲಿ ತುಂಬಿಕೊಳ್ಳುವುದುಂಟು. ಆಗ ಕೆಲವೇ ವಾರಗಳಲ್ಲಿ ವಸಡು ದಪ್ಪಗಾಗಿ ಹಲ್ಲನ್ನು ಮುಚ್ಚುತ್ತ ಬರುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ರೋಗಿಯ ಜೊತೆಗಿರುವವರೇ, ಬ್ಯಾಟರಿ ಹಿಡಿದು ಬಾಯಿ ನೋಡಿ. ಪೆಟ್ಟಾಗದೆಯೂ ಮೈಮೇಲೆ ನೀಲಿ ಕಲೆಗಳಿವೆಯೇ, ಜ್ವರವಿದೆಯೇ ಗಮನಿಸಿ.

ಇಂಥ ಸಂಶಯವಿದ್ದರೆ ಮೊದಲು ಸಿ.ಬಿ.ಸಿ. ಮಾಡಿಸಿ. ಪ್ಲೇಟ್‌ಲೆಟ್ ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷ ಇರಬೇಕು. ಅದು ತೀರಾ ಕಡಿಮೆಯಿದ್ದಾಗ ಹಲ್ಲು ಕಿತ್ತರೆ ರಕ್ತ ನಿಲ್ಲುವುದೇ ಕಷ್ಟ, ಜೀವಕ್ಕೇ ಅಪಾಯ. ಬಿಳಿಕಣ 4,000ದಿಂದ 11,000ದೊಳಗೆ ಇದ್ದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ಟೊಂಕ ನೋವಿನ ಮಾತೂ ಹೀಗೆಯೇ. ವಯಸ್ಸಾದವರಲ್ಲಿ ತಿಂಗಳುಗಟ್ಟಲೆ ಬಿಡದ ನೋವು, ಜೊತೆಗೆ ರಕ್ತಹೀನತೆ ಇದ್ದರೆ ಅದು ಮೈಲೋಮಾ ಆಗಿರಬಹುದು. ಇದೂ ಮಜ್ಜೆಯ ಕ್ಯಾನ್ಸರ್. ಎಲುಬನ್ನು ಸವೆಸುತ್ತದೆ, ಮೂತ್ರಪಿಂಡವನ್ನೂ ಕೆಡಿಸುತ್ತದೆ. ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆ ಆ ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆ. ಎಡಗಡೆ ಪಕ್ಕೆಯ ಕೆಳಗೆ ಭಾರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು ಗುಲ್ಮ ದೊಡ್ಡದಾದ ಸೂಚನೆ. ದೀರ್ಘಕಾಲದ ಮೈಲಾಯ್ಡ್ ಲ್ಯುಕೇಮಿಯಾ ಹಲವರಲ್ಲಿ ಹೀಗೆಯೇ ತಿಳಿಯುತ್ತದೆ. 2001ರಿಂದ ಬಳಕೆಯಲ್ಲಿರುವ ಇಮ್ಯಾಟಿನಿಬ್ ಮಾತ್ರೆ ನಿತ್ಯ ತೆಗೆದುಕೊಂಡು ಅನೇಕರು ಬಹುಕಾಲ ದುಡಿದುಕೊಂಡಿದ್ದಾರೆ.

ವರದಿಯಲ್ಲಿ ಸಂಶಯ ಬಂದರೆ ಮಜ್ಜೆಯ ಪರೀಕ್ಷೆ ಬೇಕಾಗುತ್ತದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟೇ ಸೊಂಟದ ಎಲುಬಿನಿಂದ ತೆಗೆಯುತ್ತಾರೆ; ಕಾಲಿಗೆ ಲಕ್ವ ಹೊಡೆಯುತ್ತದೆಂಬ ಮಾತು ಸುಳ್ಳು. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಸೇರಿದೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್, ಹಳೆಯ ಚೀಟಿಗಳು, ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ ಜೊತೆಗಿರಲಿ.