ಮನೆ ತುಪ್ಪದ ಕರದಂಟು

ಅಕ್ಕಂದಿರೇ, ಮೇಲವಂಕಿಯಿಂದ ಗೋಕಾಕ ಪೇಟೆ ದೂರವೇನಲ್ಲ. ಆದರೂ ಕರದಂಟನ್ನು ಮನೆಯಲ್ಲೇ ಮಾಡಿ ನೋಡಿರಿ. ಮನೆಗೆ ಉಳಿಸಿದ ಹಾಲಿನ ಕೆನೆ ಕೂಡಿಟ್ಟು ತುಪ್ಪ ಕಾಯಿಸಿರಿ. ಡೇರಿಗೆ ಹಾಕುವ ಹಾಲಿನ ಕೆನೆ ಮುಟ್ಟಬೇಡಿರಿ, ಫ್ಯಾಟ್ ಇಳಿಯುತ್ತದೆ.

ಅಂಟು 100 ಗ್ರಾಂ, ಒಣ ಕೊಬ್ಬರಿ ತುರಿ 200, ಉತ್ತತ್ತಿ ಚೂರು 150, ಹುರಿದ ಶೇಂಗಾ 100, ಬೆಲ್ಲ 250 ಗ್ರಾಂ.

ಅಂಟನ್ನು ಬಿಸಿಲಿಗೆ ಒಣಗಿಸಿ, ಸಣ್ಣಗೆ ಒಡೆದು, ಬಿಸಿ ತುಪ್ಪದಲ್ಲಿ ಸ್ವಲ್ಪ ಸ್ವಲ್ಪವೇ ಕರಿಯಿರಿ. ಅರಳಿದ ಒಂದು ಹರಳನ್ನು ಒಡೆದು ನೋಡಿರಿ. ಒಳಗೆ ಗಾಜಿನಂತೆ ಹೊಳೆದರೆ ಇನ್ನೂ ಹಸಿ, ಹಲ್ಲಿಗೆ ಮೆತ್ತುತ್ತದೆ. ಉಳಿದ ತುಪ್ಪದಲ್ಲೇ ಕೊಬ್ಬರಿ, ಉತ್ತತ್ತಿ ಹುರಿಯಿರಿ. ಬೆಲ್ಲವನ್ನು ತುಸು ನೀರಲ್ಲಿ ಕರಗಿಸಿ, ಸೋಸಿ, ಕುದಿಸಿರಿ. ಹನಿ ತಣ್ಣೀರಲ್ಲಿ ಮೆತ್ತನೆಯ ಉಂಡೆಯಾದರೆ ಸಾಕು. ಎಲ್ಲ ಕಲಸಿ, ತುಪ್ಪ ಸವರಿದ ತಾಟಿನಲ್ಲಿ ಒತ್ತಿ, ಬೆಚ್ಚಗಿರುವಾಗಲೇ ಕೊಯ್ಯಿರಿ.

ಬಾಣಂತಿಗಷ್ಟೇ ಅಲ್ಲ, ನಸುಕಿನಲ್ಲಿ ಬರೀ ಚಹಾ ಕುಡಿದು ಹಾಲು ಹಿಂಡುವ ನಿಮಗೂ ಒಂದು ತುಂಡು ಇರಲಿ. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಬೇಡ. ಬೆಲ್ಲವೂ ರಕ್ತದ ಸಕ್ಕರೆ ಏರಿಸುತ್ತದೆ.