ದೂರು ಕೊಟ್ಟವರ ಮೊಮ್ಮಕ್ಕಳು ನೀವು

ಓದು ಮುಗಿಸಿ ಊರು ಬಿಟ್ಟು ಹೊರಟಿರುವ ಮಕ್ಕಳೇ, ನಾಳೆ ಹೊರದೇಶದಲ್ಲಿ ನಿಮ್ಮ ಮೈಬಣ್ಣ ನೋಡಿ ಯಾರಾದರೂ ಹಗುರವಾಗಿ ಮಾತಾಡಿದರೆ ನಿಮಗೆ ಸಿಟ್ಟು ಬರುತ್ತದೆ. ಬರಲೇಬೇಕು. ಆ ಸಿಟ್ಟು ನ್ಯಾಯವಾದದ್ದು ಎಂದು ಇವತ್ತು ಜಗತ್ತು ಒಪ್ಪುತ್ತದೆ. ಹಾಗೆ ಒಪ್ಪಿಸುವುದಕ್ಕೆ ನಮ್ಮ ಹಿರಿಯರು ಎಷ್ಟು ಹೆಣಗಿದರು ಎಂಬುದನ್ನು ತಿಳಿದುಕೊಂಡು ಹೊರಡಿ.

1946ರ ಮಾತು. ನಮಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ, ಮಧ್ಯಂತರ ಸರ್ಕಾರವಷ್ಟೇ ಇತ್ತು. ದಕ್ಷಿಣ ಆಫ್ರಿಕಾದ ನಟಾಲಿನಲ್ಲಿ 1860ರಿಂದ ಕಬ್ಬಿನ ಗದ್ದೆಗಳಿಗೆ ಕರಾರಿನ ಕೂಲಿಗಳಾಗಿ ಹೋಗಿ ನೆಲೆನಿಂತ ಭಾರತೀಯರಿದ್ದರು. ಅವರು ಎಲ್ಲಿ ಜಮೀನು ಕೊಳ್ಳಬಹುದು, ಎಲ್ಲಿ ಕೊಳ್ಳಬಾರದು ಎಂದು ಗೆರೆ ಎಳೆಯುವ ಕಾಯ್ದೆಯನ್ನು ಅಲ್ಲಿನ ಬಿಳಿಯರ ಸರ್ಕಾರ ಆ ವರ್ಷ ತಂದಿತು. ಭಾರತ ಆ ದೇಶದೊಡನೆ ವ್ಯಾಪಾರ ನಿಲ್ಲಿಸಿತು, ದೂರನ್ನು ವಿಶ್ವಸಂಸ್ಥೆಗೆ ಒಯ್ದಿತು. ನಮ್ಮ ನಿಯೋಗದ ಮುಂದಾಳು ವಿಜಯಲಕ್ಷ್ಮಿ ಪಂಡಿತ್. ಎದುರು ಪಕ್ಷದಲ್ಲಿದ್ದವರು ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಯನ್ನು ರೂಪಿಸುವುದರಲ್ಲಿ ಕೈಯಿದ್ದ ಯಾನ್ ಸ್ಮಟ್ಸ್. ಇದು ನಮ್ಮ ಆಂತರಿಕ ವಿಷಯ, ಹೊರಗಿನವರು ತಲೆಹಾಕುವಂತಿಲ್ಲ ಎಂಬುದು ಅವರ ವಾದ. ಸಭೆ ಆ ವಾದವನ್ನು ಒಪ್ಪಲಿಲ್ಲ. ಡಿಸೆಂಬರ್ 8ರಂದು ಭಾರತದ ಪರವಾದ ನಿರ್ಣಯ ಮೂರನೇ ಎರಡರಷ್ಟು ಬಹುಮತದಿಂದ ಗೆದ್ದಿತು. ಒಂದು ದೇಶ ತನ್ನ ಗಡಿಯೊಳಗೆ ಮನುಷ್ಯರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂದು ಉಳಿದ ದೇಶಗಳು ಕೇಳಬಹುದು ಎಂಬ ರೂಢಿಗೆ ಅಂದು ದಾರಿಯಾಯಿತು.

ನಿರ್ಣಯದಿಂದ ಅಲ್ಲಿನ ಸರ್ಕಾರ ಬದಲಾಗಲಿಲ್ಲ. ವರ್ಣಭೇದ ಇನ್ನಷ್ಟು ಬಿಗಿಯಾಯಿತು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ, ಕರಿಯರು ಸದಾ ಜೇಬಿನಲ್ಲಿ ಇಟ್ಟುಕೊಂಡಿರಲೇಬೇಕಾಗಿದ್ದ ಪಾಸ್ ಪುಸ್ತಕವನ್ನು ವಿರೋಧಿಸಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 69 ಜನ ಸತ್ತರು, ಎಷ್ಟೋ ಜನರಿಗೆ ಗುಂಡು ಬಿದ್ದದ್ದು ಬೆನ್ನಿಗೆ. ಆ ದಿನವನ್ನೇ ಜಗತ್ತು ಇಂದು ಜನಾಂಗೀಯ ತಾರತಮ್ಯ ನಿರ್ಮೂಲನಾ ದಿನವಾಗಿ ಆಚರಿಸುತ್ತದೆ. 1965ರಲ್ಲಿ ಈ ತಾರತಮ್ಯದ ವಿರುದ್ಧ ಅಂತರರಾಷ್ಟ್ರೀಯ ಒಪ್ಪಂದವೇ ಆಯಿತು. ಭಾರತ 1968ರಲ್ಲಿ ಅದನ್ನು ಅನುಮೋದಿಸಿತು. ಒಪ್ಪಿದ ದೇಶಗಳು ಆಗಾಗ ವರದಿ ಕೊಡಬೇಕು, 18 ತಜ್ಞರ ಸಮಿತಿ ಅದನ್ನು ಓದಿ ಪ್ರಶ್ನೆ ಕೇಳುತ್ತದೆ. ಆ ಸಮಿತಿಯ ಕೈಯಲ್ಲಿ ಪೊಲೀಸರಿಲ್ಲ, ಜೈಲಿಲ್ಲ.

ಹಾಗಾದರೆ ಇಂಥ ಕಾಗದಕ್ಕೆ ಬಲ ಎಲ್ಲಿಂದ ಬರುತ್ತದೆ? ಐರ್ಲೆಂಡಿನ ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ, ಮನಸ್ಸಿಟ್ಟು ಕೇಳಿ. 1984ರ ಜುಲೈ. ಡಬ್ಲಿನ್ನಿನ ಹೆನ್ರಿ ಬೀದಿಯ ಡನ್ಸ್ ಅಂಗಡಿಯಲ್ಲಿ 21 ವರ್ಷದ ಮೇರಿ ಮ್ಯಾನಿಂಗ್ ಬಿಲ್ ಹಾಕುವ ಕೆಲಸದಲ್ಲಿದ್ದಳು. ದಕ್ಷಿಣ ಆಫ್ರಿಕಾದ ಸರಕನ್ನು ಮುಟ್ಟಬಾರದು ಎಂದು ಅವಳ ಕಾರ್ಮಿಕ ಸಂಘ ತೀರ್ಮಾನಿಸಿತ್ತು. ಗಿರಾಕಿಯೊಬ್ಬರು ಎರಡು ಗ್ರೇಪ್‌ಫ್ರೂಟ್ ತಂದರು, ನಮ್ಮ ಚಕ್ಕೋತದ ಬಳಗದ ಹಣ್ಣು ಅದು. ಬಂದದ್ದು ದಕ್ಷಿಣ ಆಫ್ರಿಕಾದಿಂದ. ಮೇರಿ ಬಿಲ್ ಹಾಕಲು ಒಪ್ಪಲಿಲ್ಲ. ಅವಳನ್ನು ಅಮಾನತು ಮಾಡಿದರು. ಜೊತೆಯ ಕೆಲಸಗಾರರೂ ಹೊರಬಂದು ಅಂಗಡಿಯ ಮುಂದೆ ನಿಂತರು. ವರ್ಣಭೇದವೆಂದರೇನು ಎಂದು ಅವರಿಗೇ ಆಗ ಸರಿಯಾಗಿ ಗೊತ್ತಿರಲಿಲ್ಲ. ದೇಶ ಬಿಟ್ಟು ಬಂದಿದ್ದ ನಿಮ್ರಾಡ್ ಸೆಜಾಕೆ ಎಂಬ ದಕ್ಷಿಣ ಆಫ್ರಿಕಾದ ಹಿರಿಯರು ಅವರ ಸಾಲಿನಲ್ಲಿ ಬಂದು ನಿಂತು, ದಿನದಿನವೂ ತಮ್ಮ ನಾಡಿನ ಪಾಡನ್ನು ಹೇಳಿದರು. ಮಳೆ, ಚಳಿ, ದಾರಿಹೋಕರ ಬೈಗುಳ, ಸಂಘ ಕೊಡುತ್ತಿದ್ದ ಪುಡಿಗಾಸು. ಮುಷ್ಕರ ಎರಡೂವರೆ ವರ್ಷ ದಾಟಿತು. ಕೊನೆಗೆ 1987ರಲ್ಲಿ ಐರ್ಲೆಂಡ್ ಸರ್ಕಾರ ದಕ್ಷಿಣ ಆಫ್ರಿಕಾದ ಹಣ್ಣು ತರಕಾರಿಯ ಆಮದನ್ನೇ ನಿಷೇಧಿಸಿತು. ಅಂಥ ಹುಡುಗಿಯರ ಹಟದಿಂದ ಬಂತು ಆ ಬಲ. ನಮ್ಮವರೂ ಹಿಂದೆ ಬಿದ್ದಿರಲಿಲ್ಲ. 1974ರಲ್ಲಿ ಡೇವಿಸ್ ಕಪ್ ಫೈನಲ್ ತಲುಪಿದ್ದ ಭಾರತ, ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಆಡದೆ ಕಪ್ಪನ್ನೇ ಬಿಟ್ಟುಕೊಟ್ಟಿತು.

ಇಷ್ಟನ್ನು ಹೆಮ್ಮೆಯಿಂದ ಹೇಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. 2001ರಲ್ಲಿ ಅದೇ ನಟಾಲಿನ ಡರ್ಬನ್ ನಗರದಲ್ಲಿ ಜನಾಂಗೀಯ ತಾರತಮ್ಯದ ವಿರುದ್ಧ ವಿಶ್ವ ಸಮ್ಮೇಳನ ನಡೆಯಿತು. ದಲಿತ ಸಂಘಟನೆಗಳು ಜಾತಿಯ ವಿಷಯವನ್ನು ಅಲ್ಲಿ ಎತ್ತಬೇಕೆಂದವು. ಜಾತಿ ಜನಾಂಗವಲ್ಲ, ಅದು ನಮ್ಮ ಆಂತರಿಕ ವಿಷಯ ಎಂದು ನಮ್ಮ ಸರ್ಕಾರ ವಿರೋಧಿಸಿತು. ಅಸ್ಪೃಶ್ಯತೆಯನ್ನು ನಮ್ಮ ಸಂವಿಧಾನವೇ ತೊಡೆದುಹಾಕಿದೆ, ನಿಜ. ಆದರೂ ಅಂದು ಸ್ಮಟ್ಸ್ ಆಡಿದ್ದ ಮಾತು ನಮ್ಮ ಬಾಯಲ್ಲಿ ಬಂದದ್ದು ನನ್ನನ್ನು ಇವತ್ತಿಗೂ ನೋಯಿಸುತ್ತದೆ. ಮರುವರ್ಷ ತಜ್ಞರ ಸಮಿತಿ ಸ್ಪಷ್ಟವಾಗಿಯೇ ಹೇಳಿತು: ಹುಟ್ಟಿದ ವಂಶದ ಕಾರಣಕ್ಕೆ ಮಾಡುವ ತಾರತಮ್ಯವನ್ನೂ ಒಪ್ಪಂದ ನಿಷೇಧಿಸುತ್ತದೆ, ಜಾತಿ ಅದರೊಳಗೇ ಬರುತ್ತದೆ.

ಬಣ್ಣದ ವಿಷಯದಲ್ಲಾದರೂ ನಾವು ಶುದ್ಧರೇ? ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿ ಜನ ತಲೆಮಾರುಗಳಿಂದ ಕನ್ನಡ ಕೊಂಕಣಿ ಆಡುತ್ತ ಇಲ್ಲೇ ಬಾಳಿದವರು. ಪೇಟೆಗೆ ಬಂದರೆ ನೀವು ಯಾವ ದೇಶದವರು ಎಂದು ಅವರನ್ನು ಕೇಳುತ್ತೇವೆ. 2016ರಲ್ಲಿ ಬೆಂಗಳೂರಿನಲ್ಲಿ ಯಾರದೋ ಕಾರು ಅಪಘಾತ ಮಾಡಿದ್ದಕ್ಕೆ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು. ಅವಳ ಬಣ್ಣ ಬಿಟ್ಟರೆ ಬೇರೆ ಕಾರಣವಿರಲಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ನಿಮಗಾದ ಅವಮಾನವನ್ನು ಸಹಿಸಬೇಡಿ, ದೂರು ಕೊಡಿ. ಇನ್ನೊಬ್ಬರಿಗಾಗುವ ಅವಮಾನದಲ್ಲಿ ಕೈಜೋಡಿಸಬೇಡಿ. ಕಚೇರಿಯಲ್ಲಿ ಮಣಿಪುರದ ಹುಡುಗನನ್ನು ಅಡ್ಡಹೆಸರಿಟ್ಟು ಕರೆದರೆ, ಅವನಿಗೊಂದು ಹೆಸರಿದೆ ಎಂದು ಅಲ್ಲೇ ಹೇಳಿ. ಬಾಡಿಗೆ ಮನೆ ನೋಡಲು ಹೋದಾಗ ಮಾಲೀಕರು 'ನೀವು ಯಾವ ಜನ?' ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ನಿಮಗೆ ಅನುಕೂಲವಾಗಿದ್ದರೂ ಹೇಳಬೇಡಿ. ಮನೆ ತಪ್ಪಿದರೆ ತಪ್ಪಲಿ, ಇನ್ನೊಂದು ಹುಡುಕಿ.